ಮಳೆ, ಮುರಕಲ್ಲು, ಸುಣ್ಣ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದಲ್ಲಿ ನೀರಿನ ರಸಾಯನ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳು ಪಶ್ಚಿಮ ಘಟ್ಟದ ತಪ್ಪಲಿನಿಂದ ಕರಾವಳಿಯ ಕಡೆಗೆ ಇಳಿಯುವ ಒಂದೇ ಭೂಪ್ರದೇಶದ ಭಾಗಗಳಾಗಿವೆ. ವರ್ಷಕ್ಕೆ ಸರಾಸರಿ ಸುಮಾರು 4,000 ಮಿಲಿಮೀಟರ್ ಮಳೆ, ಮುರಕಲ್ಲಿನ ನೆಲ ಮತ್ತು ಅಡಿಕೆಯ ತೋಟ ಇವು ಈ ಪ್ರದೇಶದ ಮುಖ್ಯ ಲಕ್ಷಣಗಳು. ಇವುಗಳ ಪರಸ್ಪರ ಸಂಬಂಧವನ್ನು ನಿರ್ಧರಿಸಿರುವುದು ನೀರಿನ ರಾಸಾಯನಿಕ ಗುಣ. ಇಲ್ಲಿನ ಮಳೆಯು ನೆಲವನ್ನು ಆಮ್ಲೀಯವಾಗಿಸುತ್ತ ಬಂದಿದೆ. ಇಲ್ಲಿನ ಕೃಷಿಕರು ಸುಣ್ಣ ಮತ್ತು ಬೂದಿಗಳಿಂದ ಅದನ್ನು ಎದುರಿಸುತ್ತ ಬಂದಿದ್ದಾರೆ. ಈ ಸಂಗತಿಯನ್ನು ಆಮ್ಲ ಮತ್ತು ಪ್ರತ್ಯಾಮ್ಲಗಳ ಮೂಲತತ್ತ್ವದ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೀರು: ದ್ರಾವಕವಾಗಿ

ನೀರಿನ ಅಣುವಿನಲ್ಲಿ ಒಂದು ಆಮ್ಲಜನಕ ಮತ್ತು ಎರಡು ಜಲಜನಕ ಪರಮಾಣುಗಳಿವೆ. ಇವು ನೇರ ರೇಖೆಯಲ್ಲಿರದೆ ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿ ನಿಂತಿವೆ. ಆದ್ದರಿಂದ ಅಣುವಿನ ಒಂದು ಬದಿಯಲ್ಲಿ ಅಲ್ಪ ಋಣಾವೇಶವೂ ಇನ್ನೊಂದು ಬದಿಯಲ್ಲಿ ಅಲ್ಪ ಧನಾವೇಶವೂ ಉಂಟಾಗುತ್ತವೆ. ಹಲವು ಲವಣಗಳ ಅಯಾನುಗಳನ್ನು ಬೇರ್ಪಡಿಸಿ ತನ್ನಲ್ಲಿ ಕರಗಿಸಿಕೊಳ್ಳುವ ಶಕ್ತಿ ನೀರಿಗೆ ಬಂದಿರುವುದು ಈ ರಚನೆಯಿಂದಲೇ.

ಶುದ್ಧ ನೀರಿನ ಅಣುಗಳಲ್ಲಿ ಅತ್ಯಲ್ಪ ಭಾಗ ತಾನಾಗಿಯೇ ಜಲಜನಕ ಮತ್ತು ಹೈಡ್ರಾಕ್ಸಿಲ್ ಅಯಾನುಗಳಾಗಿ ಒಡೆಯುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಪ್ರತಿಯೊಂದು ಬಗೆಯ ಅಯಾನೂ ಒಂದು ಮೋಲಿನ ಕೋಟಿಯಲ್ಲೊಂದು ಭಾಗದಷ್ಟಿರುತ್ತದೆ. ಎರಡೂ ಸಮವಾಗಿರುವ ಈ ಸ್ಥಿತಿಯೇ ತಟಸ್ಥ ಸ್ಥಿತಿ. ಡೆನ್ಮಾರ್ಕಿನ ಸೋರೆನ್‌ಸೆನ್ 1909ರಲ್ಲಿ ರೂಪಿಸಿದ ಪಿಎಚ್ ಮಾನಕದಲ್ಲಿ ಇದರ ಬೆಲೆ 7. ಅದಕ್ಕಿಂತ ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಪ್ರತ್ಯಾಮ್ಲೀಯ. ಮಾನಕದಲ್ಲಿ ಒಂದು ಅಂಕ ಇಳಿದರೆ ಜಲಜನಕ ಅಯಾನುಗಳ ಸಾರತೆ ಹತ್ತು ಪಟ್ಟು ಏರುತ್ತದೆ. 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಪ್ರತ್ಯೇಕವಾಗಿ ನೀಡಿದ ವ್ಯಾಖ್ಯೆಯಂತೆ ಪ್ರೋಟಾನನ್ನು ಕೊಡುವ ವಸ್ತು ಆಮ್ಲ, ಅದನ್ನು ಸ್ವೀಕರಿಸುವ ವಸ್ತು ಪ್ರತ್ಯಾಮ್ಲ. ನೀರಿನಲ್ಲಿ ಕರಗುವ ಪ್ರತ್ಯಾಮ್ಲಗಳಿಗೆ ಕ್ಷಾರಗಳೆಂದು ಹೆಸರು.

ಮಳೆಯಿಂದ ಮುರಕಲ್ಲಿಗೆ

ಮಾಲಿನ್ಯವಿಲ್ಲದ ಮಳೆನೀರು ಕೂಡ ತಟಸ್ಥವಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡು ಅದರಲ್ಲಿ ಕರಗಿ ದುರ್ಬಲವಾದ ಕಾರ್ಬಾನಿಕ್ ಆಮ್ಲವಾಗುವುದರಿಂದ ಅದರ ಪಿಎಚ್ ಸುಮಾರು 5.6ಕ್ಕೆ ಇಳಿದಿರುತ್ತದೆ. ಬೇರುಗಳ ಉಸಿರಾಟದಿಂದಲೂ ತರಗೆಲೆಗಳ ಕೊಳೆಯುವಿಕೆಯಿಂದಲೂ ಮಣ್ಣಿನೊಳಗೆ ಈ ಅನಿಲ ಇನ್ನಷ್ಟು ಸೇರಿಕೊಳ್ಳುತ್ತದೆ. ಇಂತಹ ನೀರು ಸಾವಿರಾರು ವರ್ಷಗಳ ಕಾಲ ಶಿಲೆಯ ಮೂಲಕ ಇಳಿದಾಗ ಸುಣ್ಣಾಂಶ, ಮೆಗ್ನೀಷಿಯಂ, ಪೊಟ್ಯಾಷಿಯಂ, ಸೋಡಿಯಂಗಳು ತೊಳೆದುಹೋಗುತ್ತವೆ; ಸಿಲಿಕದ ಬಹುಭಾಗವೂ ಕ್ರಮೇಣ ಕರಗುತ್ತದೆ. ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡುಗಳು ಹಿಂದೆ ಉಳಿಯುತ್ತವೆ. ಮುರಕಲ್ಲು ಅಥವಾ ಜಂಬಿಟ್ಟಿಗೆ ರೂಪುಗೊಂಡದ್ದು ಹೀಗೆ. ಅದರ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು.

ಈ ಶಿಲೆಗೆ ಲ್ಯಾಟರೈಟ್ ಎಂಬ ಹೆಸರನ್ನಿತ್ತವನು ಫ್ರಾನ್ಸಿಸ್ ಬುಕನನ್. 1801ರಲ್ಲಿ ಕೆನರಾದಲ್ಲಿ ಸಂಚರಿಸಿದ ಅವನು ಬಂಟ್ವಾಳ, ಬೆಳ್ತಂಗಡಿ ಬಳಿಯ ಜಮಾಲಾಬಾದ್ ಹಾಗೂ ಮೂಡುಬಿದಿರೆಗಳನ್ನೂ ಹಾದುಹೋಗಿದ್ದನು. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ನೆಲದೊಳಗೆ ಮೆದುವಾಗಿದ್ದು, ಕಡಿದು ತೆಗೆದು ಗಾಳಿಗೊಡ್ಡಿದ ಮೇಲೆ ಗಟ್ಟಿಯಾಗುವ ಇದರ ಗುಣವನ್ನು ಮಲಬಾರಿನಲ್ಲಿ ಗಮನಿಸಿದ ಅವನು ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಹೆಸರನ್ನು ರೂಪಿಸಿದನು.

ಪ್ರತ್ಯಾಮ್ಲೀಯ ಅಂಶಗಳು ತೊಳೆದುಹೋದ ಈ ನೆಲ ಸಹಜವಾಗಿಯೇ ಆಮ್ಲೀಯ. ಮುರಕಲ್ಲಿನಲ್ಲಿ ತೋಡಿದ ಬಾವಿಗಳ ನೀರು ಸಾಮಾನ್ಯವಾಗಿ ಮೃದುವಾಗಿದ್ದು, ಅದರ ಪಿಎಚ್ ಅನೇಕ ಕಡೆ 7ಕ್ಕಿಂತ ಕೆಳಗಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕವು 6.5ರಿಂದ 8.5ರ ಮಿತಿಯನ್ನು ವಿಧಿಸಿದೆ. ಸಾಬೂನು ಚೆನ್ನಾಗಿ ನೊರೆಗಟ್ಟುವುದು ಮೃದು ನೀರಿನ ಅನುಕೂಲವಾದರೆ, ಲೋಹದ ಕೊಳವೆಗಳನ್ನು ನಿಧಾನವಾಗಿ ಸವೆಸುವುದು ಆಮ್ಲೀಯ ನೀರಿನ ದೋಷ. ಮಣ್ಣಿನ ಪಿಎಚ್ ಸುಮಾರು 5.5ಕ್ಕಿಂತ ಇಳಿದಾಗ ಅಲ್ಯುಮಿನಿಯಂ ಕರಗತೊಡಗಿ ಬೇರುಗಳನ್ನು ಬಾಧಿಸುತ್ತದೆ. ರಂಜಕವು ಕಬ್ಬಿಣ, ಅಲ್ಯುಮಿನಿಯಂಗಳೊಡನೆ ಬಂಧಿತವಾಗಿ ಬೆಳೆಗೆ ದಕ್ಕದಂತಾಗುತ್ತದೆ. ಮರದ ಬೂದಿಯಲ್ಲಿ ಪೊಟ್ಯಾಷಿಯಂ ಕಾರ್ಬೊನೇಟ್ ಇರುವುದರಿಂದ, ತರಗೆಲೆ ಮತ್ತು ಕಸಕಡ್ಡಿಗಳನ್ನು ಮಣ್ಣಿನೊಡನೆ ಸುಟ್ಟು ತಯಾರಿಸುವ ಇಲ್ಲಿನ ಸುಡುಮಣ್ಣು ಗೊಬ್ಬರವೂ ಹೌದು, ಹುಳಿಯನ್ನು ತಗ್ಗಿಸುವ ಉಪಾಯವೂ ಹೌದು.

ಸುಣ್ಣ ಮತ್ತು ಅರಿಸಿನ

ಈ ಕರಾವಳಿಯಲ್ಲಿ ಸುಣ್ಣದ ಸಾಂಪ್ರದಾಯಿಕ ಮೂಲ ಚಿಪ್ಪು. ಮರುವಾಯಿ ಮೊದಲಾದ ಚಿಪ್ಪುಗಳು ಕ್ಯಾಲ್ಸಿಯಂ ಕಾರ್ಬೊನೇಟಿನಿಂದಾದವು. ಇವನ್ನು ಸುಟ್ಟಾಗ ಇಂಗಾಲದ ಡೈಆಕ್ಸೈಡು ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ; ನೀರೆರೆದಾಗ ಅದು ಶಾಖವನ್ನು ಹೊರಸೂಸುತ್ತ ಅರಳಿ ಕ್ಯಾಲ್ಸಿಯಂ ಹೈಡ್ರಾಕ್ಸೈಡಾಗುತ್ತದೆ. ಇದರ ಪರ್ಯಾಪ್ತ ತಿಳಿನೀರಿನ ಪಿಎಚ್ 12ನ್ನು ಮೀರುತ್ತದೆ.

ಅರಿಸಿನದ ನೀರಿಗೆ ಸುಣ್ಣ ಬೆರೆಸಿ ತಯಾರಿಸುವ ಕುರ್ದಿ ನೀರು ತುಳುನಾಡಿನ ಆಚರಣೆಗಳಲ್ಲಿ ಪರಿಚಿತವಾದುದು. ಅರಿಸಿನದಲ್ಲಿರುವ ಕುರ್ಕುಮಿನ್ ಪ್ರತ್ಯಾಮ್ಲದಲ್ಲಿ ಹಳದಿಯಿಂದ ಕೆಂಪಿಗೆ ತಿರುಗುವುದೇ ಈ ಬಣ್ಣಕ್ಕೆ ಕಾರಣ. ಲಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಆದರೆ ಆಮ್ಲೀಯ ಮತ್ತು ತಟಸ್ಥ ದ್ರಾವಣಗಳೆರಡರಲ್ಲಿಯೂ ಅರಿಸಿನ ಹಳದಿಯಾಗಿಯೇ ಇರುವುದರಿಂದ, ಸೂಚಕವಾಗಿ ಇದರ ಪ್ರಯೋಜನ ಪ್ರತ್ಯಾಮ್ಲವನ್ನು ಗುರುತಿಸುವುದಕ್ಕಷ್ಟೇ ಸೀಮಿತ.

ಅಡಿಕೆ ತೋಟದ ತಟಸ್ಥೀಕರಣ

ಆಮ್ಲ, ಪ್ರತ್ಯಾಮ್ಲಗಳ ತಿಳಿವಳಿಕೆ ಇಲ್ಲಿನ ಜನಜೀವನಕ್ಕೆ ಅತ್ಯಂತ ನಿಕಟವಾಗಿ ಒದಗುವುದು ಮಹಾಳಿ ಅಥವಾ ಕೊಳೆರೋಗದ ನಿಯಂತ್ರಣದಲ್ಲಿ. ಫೈಟಾಫ್ತೋರ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗ ಮಳೆಗಾಲದಲ್ಲಿ ಎಳೆಯ ಕಾಯಿಗಳನ್ನು ಕೊಳೆಯಿಸಿ ಉದುರಿಸುತ್ತದೆ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಅಧ್ಯಯನವನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿತೋಟಗಳಿಗಾಗಿ 1885ರ ಸುಮಾರಿಗೆ ಮಿಲಾರ್ದೆ ಪ್ರಚುರಪಡಿಸಿದ ಬೋರ್ಡೋ ದ್ರಾವಣವೇ ಇದಕ್ಕೆ ಪ್ರಮುಖ ಪರಿಹಾರವಾಯಿತು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರ ಸ್ಥಾಪನೆಯಾದದ್ದು ಈ ಬೆಳೆಯ ಮಹತ್ತ್ವಕ್ಕೆ ಸಾಕ್ಷಿ.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಬೇಕು. ಮೈಲುತುತ್ತಿನ ದ್ರಾವಣ ಆಮ್ಲೀಯ. ಅದನ್ನು ಹಾಗೆಯೇ ಸಿಂಪಡಿಸಿದರೆ ಸ್ವತಂತ್ರ ತಾಮ್ರದ ಅಯಾನುಗಳು ಎಳೆಯ ಕಾಯಿಗಳನ್ನು ಸುಡುತ್ತವೆ. ಸುಣ್ಣದ ನೀರಿಗೆ ಅದನ್ನು ಕಲಕುತ್ತ ಸುರಿದಾಗ ಆಮ್ಲೀಯತೆ ಅಳಿದು, ತಾಮ್ರವು ಕರಗದ ನೀಲಿ ಸಂಯುಕ್ತವಾಗಿ ಕಾಯಿಗೆ ಅಂಟಿಕೊಳ್ಳುವ ರೂಪ ಪಡೆಯುತ್ತದೆ. ಸುಣ್ಣ ಸಾಕಾಗಿದೆಯೇ ಎಂದು ತಿಳಿಯಲು ಹೊಳೆಯುವ ಕತ್ತಿಯನ್ನು ಅದ್ದಿ ನೋಡುವ ಕ್ರಮವಿದೆ. ಅಲಗಿನ ಮೇಲೆ ತಾಮ್ರದ ಕೆಂಪು ಲೇಪ ಕಂಡರೆ ದ್ರಾವಣದಲ್ಲಿ ಸ್ವತಂತ್ರ ತಾಮ್ರ ಇನ್ನೂ ಉಳಿದಿದೆಯೆಂದರ್ಥ. ಕಬ್ಬಿಣದ ಪಾತ್ರೆಯಲ್ಲಿ ಮದ್ದು ಕಲಸಬಾರದೆಂಬ ನಿಯಮದ ಹಿಂದಿರುವುದೂ ಇದೇ ಕ್ರಿಯೆ.

ಕರಗದಂತೆ ಮಾಡಿದ ಈ ತಾಮ್ರವನ್ನು ಮುಂದೆ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆ ಮಾಡುವುದರಲ್ಲಿ ಆಮ್ಲೀಯ ಮಳೆನೀರಿನ ಪಾತ್ರವೂ ಇದೆ ಎಂಬುದು ಗಮನಾರ್ಹ. ನೆಲದ ಸತ್ತ್ವವನ್ನು ತೊಳೆದ ಗುಣವೇ ಇಲ್ಲಿ ಬೆಳೆಯ ರಕ್ಷಣೆಗೆ ನೆರವಾಗುತ್ತದೆ. ಅದೇ ವೇಳೆ ಮರದಿಂದ ತೊಳೆದಿಳಿದ ತಾಮ್ರ ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಸಂಚಯವಾಗುತ್ತದೆ. ಮಣ್ಣು ಹುಳಿಯಾದಷ್ಟೂ ಅದು ಹೆಚ್ಚು ಕರಗಿ ಬೇರುಗಳಿಗೂ ಮಣ್ಣಿನ ಜೀವಿಗಳಿಗೂ ಹಾನಿಕರವಾಗಬಲ್ಲದು. ಆದಕಾರಣ ಕಾಯಿಯನ್ನು ಕಾಯುವ ಸುಣ್ಣದಷ್ಟೇ, ಮಣ್ಣುಪರೀಕ್ಷೆಯ ಆಧಾರದಲ್ಲಿ ಬುಡಕ್ಕೆ ಕೊಡುವ ಸುಣ್ಣವೂ ಅಗತ್ಯ.

ಒಟ್ಟಿನಲ್ಲಿ, ಈ ಮೂರು ತಾಲೂಕುಗಳಲ್ಲಿ ಆಮ್ಲೀಯತೆ ಪ್ರಕೃತಿದತ್ತವಾದುದು. ಅದನ್ನು ಶಾಶ್ವತವಾಗಿ ನೀಗಿಸುವಂತಿಲ್ಲ. ಪ್ರತಿ ಮಳೆಗಾಲವೂ ಕೊಂಡೊಯ್ಯುವ ಪ್ರತ್ಯಾಮ್ಲವನ್ನು ನೆಲಕ್ಕೆ ಮರಳಿ ಕೊಡುತ್ತಿರುವುದೊಂದೇ ಮಾರ್ಗ. ಸುಡುಮಣ್ಣು ಮತ್ತು ಸುಣ್ಣದ ಬಳಕೆಯಲ್ಲಿ ಅಡಗಿರುವ ಈ ವಿವೇಕವನ್ನು ಪಿಎಚ್ ಮಾಪನದ ನಿಖರತೆಯೊಂದಿಗೆ ಜೋಡಿಸುವುದು ಇಂದಿನ ಅಗತ್ಯವಾಗಿದೆ.