ಮುಚ್ಚಿಟ್ಟ ಮೂರನೇ ಮಾತ್ರೆ

ಕಳೆದ ವರ್ಷ ಅಣ್ಣನ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಗಾಯ ಕೀವುಗಟ್ಟಿತು. ಕಲ್ಚರ್ ಪರೀಕ್ಷೆಯ ವರದಿಯಲ್ಲಿ ಎಂಆರ್‌ಎಸ್‌ಎ ಎಂದಿತ್ತು. ಮೆಥಿಸಿಲಿನ್ ಬಳಗದ ಔಷಧಗಳಿಗೆ ಜಗ್ಗದ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾ ಅದು. ವೈದ್ಯರು ಲಿನೆಜೋಲಿಡ್ ಬರೆದರು: 600 ಮಿಲಿಗ್ರಾಂ, 12 ಗಂಟೆಗೊಮ್ಮೆ. ಬರೆಯುವ ಮುನ್ನ, ‘ಬೇರೆ ಮಾತ್ರೆಗಳೇನಾದರೂ ಇವೆಯೇ?’ ಎಂದು ಕೇಳಿದ್ದರು. ಸಕ್ಕರೆ ಕಾಯಿಲೆಯದು, ರಕ್ತದೊತ್ತಡದ್ದು ಎಂದೆ. ಮೂರನೆಯದೂ ಒಂದಿತ್ತು. ನಾನು ಹೇಳಲಿಲ್ಲ, ಪಕ್ಕದಲ್ಲಿದ್ದ ಅತ್ತಿಗೆಯೂ ಹೇಳಲಿಲ್ಲ.

ನಾಲ್ಕು ವರ್ಷಗಳಿಂದ ಅಣ್ಣ ಖಿನ್ನತೆಗೆ ಎಸಿಟಾಲೋಪ್ರಾಮ್ ಸೇವಿಸುತ್ತಿದ್ದ. ಮಗಳ ಮದುವೆಯ ಮಾತುಕತೆ ನಡೆಯುತ್ತಿದ್ದ ಮನೆ. ಆ ಮಾತ್ರೆಯ ಪಟ್ಟಿ ಬೀರುವಿನಲ್ಲಿ ರೇಷ್ಮೆ ಸೀರೆಗಳ ಹಿಂದೆ ಇರುತ್ತಿತ್ತು. ಮನೆಯೊಳಗೂ ಅದನ್ನು ನಾವು ಹೆಸರಿಟ್ಟು ಕರೆದವರಲ್ಲ.

ಮೂರನೆಯ ದಿನ ಸಂಜೆ ಅವನ ಕೈಕಾಲು ನಡುಗತೊಡಗಿದವು. ಮೈಯೆಲ್ಲ ಬೆವರು, ವಿಪರೀತ ಚಡಪಡಿಕೆ. ಸೋಂಕು ರಕ್ತಕ್ಕೇರಿತೆಂದು ಹೆದರಿ ತುರ್ತು ಚಿಕಿತ್ಸಾ ಘಟಕಕ್ಕೆ ಒಯ್ದೆವು. ಅಲ್ಲಿದ್ದ ಯುವ ವೈದ್ಯೆ ಗಾಯವನ್ನು ನೋಡಿ, ಬಳಿಕ ಅಣ್ಣನ ಪಾದವನ್ನು ಸರಕ್ಕನೆ ಮೇಲಕ್ಕೆ ಮಡಿಸಿದರು. ಅದು ತಾನಾಗಿಯೇ ಪಟಪಟನೆ ಅದುರಿತು. ‘ಮನಸ್ಸಿಗೆ ಸಂಬಂಧಿಸಿದ ಔಷಧ ಏನಾದರೂ ಕೊಡುತ್ತಿದ್ದೀರಾ?’ ಎಂದರು. ಅತ್ತಿಗೆ ಅಳತೊಡಗಿದರು.

ಲಿನೆಜೋಲಿಡ್‌ನ ಮುಖ್ಯ ಕೆಲಸ ಬ್ಯಾಕ್ಟೀರಿಯಾ ತನ್ನ ಪ್ರೋಟೀನು ತಯಾರಿಸಿಕೊಳ್ಳದಂತೆ ತಡೆಯುವುದು. ಆದರೆ ಅದಕ್ಕೊಂದು ಅಡ್ಡಗುಣವಿದೆ. ಸೆರೊಟೋನಿನ್ ಎಂಬ ನರವಾಹಕವನ್ನು ಒಡೆಯುವ ಕಿಣ್ವವನ್ನೂ ಅದು ಅಲ್ಪಸ್ವಲ್ಪ ಕಟ್ಟಿಹಾಕುತ್ತದೆ. ಎಸಿಟಾಲೋಪ್ರಾಮ್ ಅದೇ ಸೆರೊಟೋನಿನ್ ಅನ್ನು ನರಕೋಶಗಳು ಮರಳಿ ಹೀರಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಬಚ್ಚಲಿನ ಎರಡೂ ಬಾಯಿ ಮುಚ್ಚಿದಂತಾಯಿತು. ಎಲ್ಲರಿಗೂ ಹೀಗಾಗುವುದಿಲ್ಲ, ಇದು ಅಪರೂಪವೇ. ಆದರೂ ಅಮೆರಿಕದ ಎಫ್‌ಡಿಎ 2011ರಲ್ಲಿ ಈ ಬಗ್ಗೆ ಪ್ರತ್ಯೇಕ ಎಚ್ಚರಿಕೆ ನೀಡಿತ್ತು. ಅನಿವಾರ್ಯವಾದಾಗ ವೈದ್ಯರು ಖಿನ್ನತೆಯ ಔಷಧವನ್ನು ನಿಲ್ಲಿಸಿ, ರೋಗಿಯನ್ನು ನಿಗಾದಲ್ಲಿಟ್ಟು ಲಿನೆಜೋಲಿಡ್ ಕೊಡುವುದುಂಟು. ಆ ತೀರ್ಮಾನ ಅವರದು, ಮನೆಯವರದಲ್ಲ. ಆದರೆ ತೀರ್ಮಾನಿಸಲು ಅವರಿಗೆ ವಿಷಯ ತಿಳಿದಿರಬೇಕಲ್ಲ!

ಎರಡೂ ಮಾತ್ರೆಗಳನ್ನು ನಿಲ್ಲಿಸಿದ ಮರುದಿನ ಅಣ್ಣ ಸುಧಾರಿಸಿದ. ಸೋಂಕಿಗೆ ರಕ್ತನಾಳದ ಮೂಲಕ ವ್ಯಾಂಕೋಮೈಸಿನ್ ಆರಂಭವಾಯಿತು, ಮನೋವೈದ್ಯರಿಗೂ ಕರೆ ಹೋಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಮಾತ್ರೆಯ ಡಬ್ಬಿಯೊಳಗಿನ ಸಣ್ಣಕ್ಷರದ ಹಾಳೆಯನ್ನು ಮೊದಲ ಬಾರಿಗೆ ಓದಿದೆ. ವಾರಕ್ಕೊಮ್ಮೆ ರಕ್ತಕಣಗಳ ಎಣಿಕೆ ಆಗಬೇಕು. ಎರಡು ವಾರ ಮೀರಿದರೆ ಪ್ಲೇಟ್‌ಲೆಟ್ ಕುಸಿಯುವ ಸಂಭವ ಹೆಚ್ಚು. 28 ದಿನ ದಾಟಿದರೆ ಕಣ್ಣಿನ ನರಕ್ಕೂ ಕೈಕಾಲಿನ ನರಗಳಿಗೂ ಧಕ್ಕೆಯಾಗಬಹುದು. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ಸೇವಿಸುವವರಲ್ಲಿ ಸಕ್ಕರೆ ದಿಢೀರನೆ ಇಳಿಯಬಹುದು. ಹಳೆಯ ಚೀಸ್, ಸೋಯಾ ಸಾಸ್ ಅತಿಯಾದರೆ ರಕ್ತದೊತ್ತಡ ಏರೀತು. ಅಂಗಡಿಯಲ್ಲಿ ಕೇಳಿ ಕೊಳ್ಳುವ ನೆಗಡಿ ಮಾತ್ರೆಗಳ ಕೆಲವು ಅಂಶಗಳಿಂದಲೂ ಅದೇ ಅಪಾಯ. ಔಷಧ ನಿರೋಧಕ ಕ್ಷಯಕ್ಕೆ ಭಾರತ 2024ರಲ್ಲಿ ಒಪ್ಪಿದ ಬಿಪಾಲ್‌ಎಂ ಚಿಕಿತ್ಸಾಕ್ರಮದಲ್ಲಿ ಇದನ್ನು ಆರು ತಿಂಗಳ ಕಾಲ ನುಂಗಬೇಕು. ಅಂಥ ರೋಗಿಗಳಿಗೆ ಕಣ್ಣಿನ ತಪಾಸಣೆ ಎಷ್ಟು ಮುಖ್ಯವೆಂದು ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲ ಇದ್ದರೂ ಇದು ಬೇಡದ ಔಷಧವಲ್ಲ, ಬದಲಿಗೆ ಬಹು ಅಮೂಲ್ಯವಾದುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕೊನೆಯ ಅಸ್ತ್ರಗಳ ‘ಮೀಸಲು’ ಗುಂಪಿನಲ್ಲಿಟ್ಟಿದೆ. 2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧಕ್ಕೂ ಮಣಿಯದ ಸ್ಟೆಫಿಲೋಕಾಕಸ್ ಮರುವರ್ಷವೇ ವರದಿಯಾಯಿತು.

ಅಣ್ಣ ಈಗ ಕೋಲಿಲ್ಲದೆ ನಡೆಯುತ್ತಾನೆ. ಅವನ ಎಲ್ಲ ಮಾತ್ರೆಗಳ ಹೆಸರನ್ನೂ ಅತ್ತಿಗೆ ಒಂದು ಚೀಟಿಯಲ್ಲಿ ಬರೆದು ಫೈಲಿನ ಮೊದಲ ಪುಟಕ್ಕೆ ಅಂಟಿಸಿದ್ದಾರೆ. ಮನೆಯಲ್ಲಿ ಹದಿನಾಲ್ಕು ಲಿನೆಜೋಲಿಡ್ ಮಾತ್ರೆಗಳು ಉಳಿದಿದ್ದವು. ಪಕ್ಕದ ಮನೆಯವರು ಮಗನ ಜ್ವರ–ನೆಗಡಿಗೆ, ‘ಹೇಗೂ ಸ್ಟ್ರಾಂಗ್ ಮಾತ್ರೆಯಂತಲ್ಲ, ನಾಲ್ಕು ಕೊಡಿ’ ಎಂದು ಕೇಳಿದರು. ನೆಗಡಿ ತರುವುದು ವೈರಸ್, ಅದರ ಮೇಲೆ ಇದು ನಡೆಯದು ಎಂದೆ. ಅಷ್ಟು ದುಬಾರಿ ಮಾತ್ರೆಯನ್ನು ಕೊಡಲು ನನಗೆ ಮನಸ್ಸಿಲ್ಲವೆಂದೇ ಅವರು ಈಗಲೂ ನಂಬಿದ್ದಾರೆ.