ಉಬುಂಟುನಲ್ಲಿ ಲ್ಯಾನ್ ಕೈ ಕೊಟ್ಟರೆ ವಿಂಡೋಸ್ ಕಡೆ ನೋಡಿ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಉಬುಂಟು ಎರಡನ್ನೂ ಹಾಕಿಕೊಂಡವರು ನಮ್ಮಲ್ಲಿ ಕಡಿಮೆ ಏನಿಲ್ಲ. ಗೇಮ್ಸ್‌ಗೆ, ಕ್ಯಾಡ್ ಸಾಫ್ಟ್‌ವೇರಿಗೆ ವಿಂಡೋಸ್, ಕೋಡಿಂಗ್‌ಗೆ ಉಬುಂಟು. ಇಂಥವರನ್ನು ಕಾಡುವ ಒಂದು ತೊಂದರೆ ಇದೆ. ನಿನ್ನೆವರೆಗೂ ಸರಿಯಾಗಿದ್ದ ಲ್ಯಾನ್ ಇವತ್ತು ಉಬುಂಟುನಲ್ಲಿ ಬರೋದೇ ಇಲ್ಲ. ವಿಂಡೋಸ್‌ಗೆ ಹೋದರೆ ಅದೇ ಕೇಬಲ್, ಅದೇ ಪೋರ್ಟ್, ನೆಟ್ ಆರಾಮಾಗಿ ಓಡುತ್ತೆ. ಆಗ ಪಕ್ಕದ ರೂಮಿನವರು ಕೊಡೋ ಸಲಹೆ ಒಂದೇ: "ಲಿನಕ್ಸ್ ಹಾಳಾಗಿದೆ, ಫಾರ್ಮ್ಯಾಟ್ ಹೊಡಿ." ಪ್ರಾಜೆಕ್ಟ್ ಕೋಡೆಲ್ಲ ಹೋಮ್ ಫೋಲ್ಡರಿನಲ್ಲಿದ್ದು ಬ್ಯಾಕಪ್ ಇಲ್ಲದಿರುವಾಗ ದಯವಿಟ್ಟು ಈ ಮಾತು ಕೇಳಬೇಡಿ. ಎಷ್ಟೋ ಸಲ ತಪ್ಪು ಲಿನಕ್ಸಿನದಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡಿದರೂ ಅದೇ ತೊಂದರೆ ಹಾಗೇ ಇರುತ್ತೆ.

ಮೊದಲು ಕುರ್ಚಿಯಿಂದ ಎದ್ದು ಸಿಪಿಯು ಹಿಂದೆ ಬಗ್ಗಿ ನೋಡಿ. ಕೇಬಲ್ ಸಿಕ್ಕಿಸುವ ಜಾಗದಲ್ಲಿ ಪುಟ್ಟ ಲೈಟ್ ಇರುತ್ತೆ. ಉಬುಂಟು ಓಡುತ್ತಿರುವಾಗ ಅದು ಪೂರ್ತಿ ಆರಿದೆಯಾ? ಹಾಗಿದ್ರೆ ಐಪಿ ಅಡ್ರೆಸ್, ಡಿಎನ್‌ಎಸ್, ಪ್ರಾಕ್ಸಿ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ತೊಂದರೆ ಅದಕ್ಕಿಂತ ಕೆಳಗಿದೆ. ಟರ್ಮಿನಲ್‌ನಲ್ಲಿ 'ಐಪಿ ಲಿಂಕ್' ಕಮ್ಯಾಂಡ್ ಕೊಟ್ಟರೆ ನಿಮ್ಮ ಕಾರ್ಡಿನ ಸಾಲಿನಲ್ಲಿ 'ನೋ ಕ್ಯಾರಿಯರ್' ಅಂತ ಕಾಣಿಸಬಹುದು. ಅಂದರೆ ಕಾರ್ಡ್ ಇದೆ, ಆದರೆ ತಂತಿಯ ಆ ತುದಿಯಿಂದ ಸಿಗ್ನಲ್ ಬರುತ್ತಿಲ್ಲ. ಕೇಬಲ್ ಚೆನ್ನಾಗಿದೆ ಅಂತ ವಿಂಡೋಸ್ ಆಗಲೇ ತೋರಿಸಿಕೊಟ್ಟಿದೆ. ಹಾಗಾದ್ರೆ ಸಿಗ್ನಲ್ ಎಲ್ಲಿ ಹೋಯ್ತು?

ಇಲ್ಲೇ ಮಜಾ ಇರೋದು. 2012ರಲ್ಲಿ ಬಂದ ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಅನ್ನೋ ಸೌಲಭ್ಯ ಇದೆ. ನೀವು ಶಟ್‌ಡೌನ್ ಒತ್ತಿದಾಗ ವಿಂಡೋಸ್ ನಿಜವಾಗಿ ಪೂರ್ತಿ ಮುಚ್ಚಿಕೊಳ್ಳಲ್ಲ. ನಿಮ್ಮ ಪ್ರೋಗ್ರಾಂಗಳನ್ನು ಮುಚ್ಚಿ, ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತೆ. ಮಲಗೋ ಮುಂಚೆ ನೆಟ್‌ವರ್ಕ್ ಕಾರ್ಡನ್ನೂ ಕಡಿಮೆ ವಿದ್ಯುತ್ತಿನ ಸ್ಥಿತಿಗೆ ತಳ್ಳುತ್ತೆ. ಪಿಸಿಐ ಭಾಷೆಯಲ್ಲಿ ಪೂರ್ತಿ ಎಚ್ಚರ ಅಂದರೆ ಡಿ0, ಗಾಢ ನಿದ್ದೆ ಅಂದರೆ ಡಿ3. ಸಿಪಿಯು ಆಫ್ ಆದರೂ ಎಸ್‌ಎಂಪಿಎಸ್‌ನಿಂದ 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ ಮದರ್‌ಬೋರ್ಡಿಗೆ ಹರಿಯುತ್ತಲೇ ಇರುತ್ತೆ (ಇಸಿ ಬ್ರಾಂಚಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ). ಹೀಗಾಗಿ ಕಾರ್ಡಿಗೆ ವಿಂಡೋಸ್ ಹೇಳಿದ್ದು ಮರೆಯೋದೇ ಇಲ್ಲ. ಆಮೇಲೆ ಉಬುಂಟು ಬೂಟ್ ಆದಾಗ, ಕೆಲವು ಕಾರ್ಡುಗಳು, ಮುಖ್ಯವಾಗಿ ರಿಯಲ್‌ಟೆಕ್‌ನವು, ಅದರ ಡ್ರೈವರ್ ಎಬ್ಬಿಸಿದರೂ ಏಳಲ್ಲ. ಬರೀ ರೀಸ್ಟಾರ್ಟ್ ಮಾಡಿ ನೋಡಿದ್ರೆ ಸಾಲದು ಅನ್ನೋದೂ ಇದಕ್ಕೇ.

ಪರೀಕ್ಷೆ ಸುಲಭ. ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ಗೇ ಕಿತ್ತುಬಿಡಿ. ಪವರ್ ಬಟನ್ನನ್ನು 15 ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಹೋಗಲಿ. ಒಂದೆರಡು ನಿಮಿಷ ಬಿಟ್ಟು ಪ್ಲಗ್ ಹಾಕಿ ನೇರವಾಗಿ ಉಬುಂಟುಗೇ ಬೂಟ್ ಮಾಡಿ. ಲೈಟ್ ಹತ್ತಿತಾ? ಕಳ್ಳ ಸಿಕ್ಕಿಬಿದ್ದ.

ಇನ್ನು ಇದು ಮತ್ತೆ ಆಗದ ಹಾಗೆ ಮಾಡಬೇಕು. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅದರೊಳಗೆ ಪವರ್ ಬಟನ್ನುಗಳು ಏನು ಮಾಡಬೇಕು ಅನ್ನೋ ಪುಟಕ್ಕೆ ಹೋಗಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ನಿಮ್ಮ ಲ್ಯಾನ್ ಕಾರ್ಡಿನ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್‌ಡ್ ಅನ್ನೋದರಲ್ಲಿ 'ಶಟ್‌ಡೌನ್ ವೇಕ್ ಆನ್ ಲ್ಯಾನ್' ಇದ್ದರೆ ಅದರ ಸೆಟ್ಟಿಂಗ್ ಬದಲಾಯಿಸಿ ನೋಡಿ. ಒಂದೊಂದು ಕಾರ್ಡು ಒಂದೊಂದಕ್ಕೆ ಬಗ್ಗುತ್ತೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಆ ಟಿಕ್ ವಾಪಸ್ ಬಂದಿದೆಯಾ ಅಂತ ಒಮ್ಮೆ ನೋಡ್ಕೊಳ್ಳಿ.

ಫಾಸ್ಟ್ ಸ್ಟಾರ್ಟಪ್ ತೆಗೆಯೋದರಿಂದ ಇನ್ನೊಂದು ಲಾಭ ಇದೆ, ನನ್ನ ಪ್ರಕಾರ ಅದೇ ದೊಡ್ಡದು. ವಿಂಡೋಸ್ ಅರೆನಿದ್ದೆಯಲ್ಲಿರುವಾಗ ಅದರ ಡ್ರೈವಿಗೆ ಉಬುಂಟುನಿಂದ ಏನಾದರೂ ಬರೆದರೆ ಫೈಲುಗಳು ಹಾಳಾಗುವ ಅಪಾಯ ಇದೆ. ಡಿ ಡ್ರೈವ್ ಉಬುಂಟುನಲ್ಲಿ ಬರೀ ಓದೋಕೆ ಮಾತ್ರ ತೆರೆದುಕೊಂಡರೆ, ಅದನ್ನು ಬಲವಂತವಾಗಿ ತೆರೆಯೋಕೆ ಹೋಗಬೇಡಿ.

ಲೈಟ್ ಉರಿಯುತ್ತಿದ್ದೂ ನೆಟ್ ಇಲ್ಲದಿದ್ದರೆ ಅದು ಬೇರೆ ಕಥೆ. ಆಗ ಐಪಿ ಸಿಕ್ಕಿದೆಯಾ, ಲಾಗಿನ್ ಪುಟ, ಪ್ರಾಕ್ಸಿ ಸರಿ ಇದೆಯಾ ನೋಡಿ. 'ಐಪಿ ಲಿಂಕ್' ಪಟ್ಟಿಯಲ್ಲಿ ಕಾರ್ಡೇ ಇಲ್ಲ ಅಂದರೆ ಡ್ರೈವರ್ ಮೇಲೆ ಅನುಮಾನ ಪಡಿ. ಕರ್ನಲ್ ಅಪ್‌ಡೇಟ್ ಆದ ದಿನವೇ ಹೀಗಾಗಿದ್ದರೆ, ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಿಂದ ಹಳೇ ಕರ್ನಲ್ ಆರಿಸಿಕೊಂಡು ಬೂಟ್ ಮಾಡಿ. ಡ್ರೈವರ್ ಇಳಿಸಿಕೊಳ್ಳೋಕೆ ನೆಟ್ ಬೇಕಲ್ಲ ಅಂತೀರಾ? ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಉಬುಂಟು ಅದನ್ನೇ ಒಂದು ಲ್ಯಾನ್ ಅಂದುಕೊಂಡು ತಾನಾಗೇ ಹಿಡಿದುಕೊಳ್ಳುತ್ತೆ.