ಸೂಕ್ಷ್ಮಗುರುತ್ವದಲ್ಲಿ ಲೋಹದ್ರವಗಳ ಸ್ನಿಗ್ಧತೆಯ ಮಾಪನ

ಸೂಕ್ಷ್ಮಗುರುತ್ವದಲ್ಲಿ ಲೋಹದ್ರವಗಳ ಸ್ನಿಗ್ಧತೆಯ ಮಾಪನ ಎಂಬುದು, ಕರಗಿದ ಲೋಹದ ಹನಿಯನ್ನು ಪಾತ್ರೆಯ ಆಸರೆಯಿಲ್ಲದೆ ತೇಲಿಸಿ, ಹರಿಯುವಾಗ ಅದರೊಳಗೆ ಉಂಟಾಗುವ ಪ್ರತಿರೋಧವನ್ನು ಅಳೆಯುವ ವಿಧಾನ. ಈ ಪ್ರತಿರೋಧಕ್ಕೆ ಸ್ನಿಗ್ಧತೆ ಎಂದು ಹೆಸರು. ಎರಕ ಹೊಯ್ಯುವಾಗ ಲೋಹವು ಅಚ್ಚಿನ ಸಂದುಗಳನ್ನು ತುಂಬುವ ಬಗೆಯನ್ನು ಮುಂಚಿತವಾಗಿ ಲೆಕ್ಕಹಾಕಲು ಇದರ ನಿಖರ ಮೌಲ್ಯ ಅಗತ್ಯ.

ಭೂಮಿಯ ಮೇಲಿನ ತೊಡಕುಗಳು

ಟೈಟಾನಿಯಂ 1668 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅಷ್ಟು ಕಾದ ದ್ರವವು ಮೂಸೆಯೊಂದಿಗೆ ರಾಸಾಯನಿಕವಾಗಿ ವರ್ತಿಸಿ ಕಲುಷಿತಗೊಳ್ಳುತ್ತದೆ. ಮೂಸೆಯನ್ನು ಬಿಟ್ಟು ವಿದ್ಯುತ್ಕಾಂತೀಯ ಬಲದಿಂದ ಹನಿಯನ್ನು ತೇಲಿಸಬಹುದು. ಆದರೆ ಗುರುತ್ವವನ್ನು ಮೀರಲು ಬೇಕಾದ ಪ್ರಬಲ ಕ್ಷೇತ್ರವು ಹನಿಯ ಆಕಾರವನ್ನು ಕೆಡಿಸಿ, ಒಳಗೆ ಪ್ರಕ್ಷುಬ್ಧ ಹರಿವನ್ನು ಎಬ್ಬಿಸುತ್ತದೆ. ಕಕ್ಷೆಯಲ್ಲಿ ಹನಿಯನ್ನು ನಿಲ್ಲಿಸಲು ಅತ್ಯಲ್ಪ ಬಲವೇ ಸಾಕು.

ಮಾಪನ ಕ್ರಮ

ಗೋಳಾಕಾರದ ಹನಿಯನ್ನು ಕರಗಿಸಿದ ಮೇಲೆ, ಕ್ಷಣಿಕ ಸ್ಪಂದದಿಂದ ಅದನ್ನು ಹಿಸುಕಿ ಬಿಡಲಾಗುತ್ತದೆ. ಹನಿಯು ಹಿಗ್ಗುತ್ತ ಕುಗ್ಗುತ್ತ ಕಂಪಿಸುವುದನ್ನು ಅತಿವೇಗದ ಕ್ಯಾಮೆರಾ ದಾಖಲಿಸುತ್ತದೆ. ಕಂಪನದ ಆವೃತ್ತಿಯಿಂದ ಮೇಲ್ಮೈ ಎಳೆತವೂ, ಕಂಪನವು ಅಡಗುವ ವೇಗದಿಂದ ಸ್ನಿಗ್ಧತೆಯೂ ತಿಳಿಯುತ್ತವೆ:

ಸ್ನಿಗ್ಧತೆ = (ಸಾಂದ್ರತೆ × ತ್ರಿಜ್ಯದ ವರ್ಗ) ÷ (5 × ಕ್ಷಯಕಾಲ)

ಇಲ್ಲಿ ಕ್ಷಯಕಾಲವೆಂದರೆ ಕಂಪನದ ವಿಸ್ತಾರವು ಮೊದಲಿನ ಸುಮಾರು ಶೇ. 37ಕ್ಕೆ ಇಳಿಯಲು ಹಿಡಿಯುವ ಸಮಯ. 8 ಮಿಲಿಮೀಟರ್ ವ್ಯಾಸದ ಕರಗಿದ ಕಬ್ಬಿಣದ ಹನಿಗೆ ಇದು ಸುಮಾರು 4 ಸೆಕೆಂಡು. ದ್ರವವು ಹೆಚ್ಚು ಸ್ನಿಗ್ಧವಾದಷ್ಟೂ ಕಂಪನ ಬೇಗನೆ ಅಡಗುತ್ತದೆ.

ಪ್ರಯೋಗಗಳು

'ಟೆಂಪಸ್' ಎಂಬ ಜರ್ಮನ್ ಉಪಕರಣವು 1994 ಮತ್ತು 1997ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಲ್ಲಿ ಹಾರಿತು. 2014ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕೊಲಂಬಸ್ ಪ್ರಯೋಗಾಲಯದಲ್ಲಿ ವಿದ್ಯುತ್ಕಾಂತೀಯ ತೇಲಿಕಾ ಉಪಕರಣವನ್ನು ಅಳವಡಿಸಲಾಯಿತು. ಅಲ್ಲಿನ ಜಪಾನಿನ ಕಿಬೊ ಪ್ರಯೋಗಾಲಯದ ಕುಲುಮೆಯು ಸ್ಥಿರವಿದ್ಯುತ್ ಬಲವನ್ನು ಬಳಸುತ್ತದೆ.

ಬೆಂಗಳೂರಿನ ಪಾತ್ರ

ಇಸ್ರೊ ಸಂಸ್ಥೆಯ ಎಸ್‌ಆರ್‌ಇ-1 ಕೋಶವನ್ನು 2007ರ ಜನವರಿ 10ರಂದು ಪಿಎಸ್‌ಎಲ್‌ವಿ-ಸಿ7 ಕಕ್ಷೆಗೆ ಸೇರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ತಿರುವನಂತಪುರದ ವಿಕ್ರಂ ಸಾರಾಭಾಯ್ ಬಾಹ್ಯಾಕಾಶ ಕೇಂದ್ರಗಳು ಜಂಟಿಯಾಗಿ ರೂಪಿಸಿದ ಪ್ರಯೋಗವೊಂದು ಅದರಲ್ಲಿತ್ತು. ಸಮತಾಪದ ಕುಲುಮೆಯಲ್ಲಿ ಲೋಹವನ್ನು ಕರಗಿಸಿ ಸ್ಫಟಿಕೀಕರಿಸುವುದು ಅದರ ವಿಷಯ. ಬೆಂಗಳೂರಿನ ಇಸ್‌ಟ್ರ್ಯಾಕ್ ನಿಯಂತ್ರಣ ಕೇಂದ್ರದ ಆದೇಶಗಳಂತೆ ಜನವರಿ 22ರಂದು ಕೋಶವು ಬಂಗಾಳ ಕೊಲ್ಲಿಗೆ ಇಳಿಯಿತು. ಈ ಪ್ರಯೋಗವು ಸ್ನಿಗ್ಧತೆಯ ಮಾಪನವಾಗಿರಲಿಲ್ಲ. ಆದರೂ ದ್ರವದಲ್ಲಿ ಪರಮಾಣುಗಳ ಚಲನೆಯು ಸ್ಫಟಿಕದ ಬೆಳವಣಿಗೆಯ ಮೇಲೆ ಪ್ರಭಾವ ಬೀರುವುದರಿಂದ, ಎರಡೂ ಒಂದೇ ಅಧ್ಯಯನ ಕ್ಷೇತ್ರಕ್ಕೆ ಸೇರುತ್ತವೆ.